ಓದುಗರ ಸ್ಪಂದನ: ಎರಡನೇ ಸಲ ಜ್ಞಾನಸ್ನಾನ ಯಾಕೆ?

ಸಮಸ್ಯೆ: ನಾನು ಮಡಿಕೇರಿಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರಾಟೆಸ್ಟೆಂಟ್ ಸಭೆ) ಕುಟುಂಬದವಳು. ವಿರಾಜಪೇಟೆಯ ಕಥೋಲಿಕ ಮನೆಗೆ ಮದುವೆಯಾಗಿ ಬಂದು ಎರಡು ವರ್ಷವಾಯಿತು. ‘ನೀನು ಸರಿಯಾದ ಕ್ರಿಶ್ಚಿಯನ್ ಅಲ್ಲ, ಮತ್ತೆ ಜ್ಞಾನಸ್ನಾನ (ಕ್ರೈಸ್ತ ದೀಕ್ಷೆಯ ಸ್ನಾನ) ತಗೋ’ ಎಂದು ಅತ್ತೆ ಒತ್ತಾಯ ಮಾಡುತ್ತಾರೆ. ತವರಿಗೆ ಹೋದರೆ ‘ವಿಗ್ರಹ ಪೂಜೆ ಮಾಡುವವರ ಮನೆ ಸೇರಿದಳು’ ಎಂಬ ಮಾತು. ಏನು ಮಾಡಲಿ?

ಮಗಳೇ, ನಿನ್ನ ಪತ್ರ ಓದಿ ನನಗೆ ನಾಚಿಕೆಯಾಯಿತು. ನಾನೂ ಇಂಥದೇ ಅತ್ತೆಯಾಗಿದ್ದೆ. ನನ್ನ ಸೊಸೆಯೂ ಸಿಎಸ್‌ಐ. ಚರ್ಚಿನ ಪೂಜೆಯಲ್ಲಿ ಪರಮಪ್ರಸಾದಕ್ಕೆ, ಅಂದರೆ ಫಾದರ್ ಕೊಡುವ ಪವಿತ್ರ ರೊಟ್ಟಿಗೆ, ಎಲ್ಲರೂ ಎದ್ದು ಸಾಲಿಗೆ ಹೋಗುವಾಗ ಬೇರೆ ಸಭೆಯವಳಾದ ಅವಳೊಬ್ಬಳೇ ಬೆಂಚಿನಲ್ಲಿ ಉಳಿಯುತ್ತಿದ್ದಳು. ದಾಟುವವರಿಗೆ ಅಡ್ಡ ಆಗದಿರಲಿ ಎಂದು ಮೊಣಕಾಲು ಓರೆ ಮಾಡಿ, ಸೆರಗನ್ನು ಮಡಿಲಲ್ಲಿ ಒತ್ತಿ ಹಿಡಿದು ಕೂರುತ್ತಿದ್ದಳು. ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ಹೋಯಿತು ಎಂದು ನಾನು ಒಳಗೇ ಕುದಿಯುತ್ತಿದ್ದೆ. ಆ ಹುಡುಗಿಗೆ ಹೇಗಾಗುತ್ತಿರಬಹುದು ಎಂದು ಯೋಚಿಸಲೇ ಇಲ್ಲ.

ಕೊನೆಗೆ ಫಾದರ್ ಹತ್ತಿರ ಹೋಗಿ ‘ಇವಳಿಗೆ ಜ್ಞಾನಸ್ನಾನ ಕೊಡಿ’ ಎಂದೆ. ಅವರು ಆಗಲ್ಲ ಎಂದರು. ನೀರಿನಿಂದ, ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ಆಗಿದ್ದರೆ ಅದು ಆದದ್ದೇ, ಎರಡನೇ ಸಲ ಕೊಡುವಂತಿಲ್ಲ, ಇದು ನಮ್ಮ ಧರ್ಮಸಭೆಯದೇ ನಿಯಮ ಎಂದರು. ಇಷ್ಟು ವರ್ಷ ಚರ್ಚಿಗೆ ಹೋಗಿಯೂ ನನಗದು ಗೊತ್ತಿರಲಿಲ್ಲ. ನೀನು ನಿನ್ನ ಸಭೆಯಿಂದ ಜ್ಞಾನಸ್ನಾನದ ಸರ್ಟಿಫಿಕೇಟ್ ತರಿಸು. ಅತ್ತೆಯನ್ನೂ ಕರೆದುಕೊಂಡು ಫಾದರ್ ಬಳಿ ಹೋಗು. ನೀನು ಹೇಳಿದರೆ ಎದುರುತ್ತರ ಅನ್ನಿಸುತ್ತೆ, ಅವರ ಬಾಯಿಂದ ಬಂದರೆ ಕೇಳುತ್ತಾರೆ. ಪರಮಪ್ರಸಾದದ ಮಾತು ಬೇರೆ. ಅದರಲ್ಲಿ ಎರಡು ಸಭೆಗಳಿಗೂ ಇನ್ನೂ ಒಮ್ಮತವಿಲ್ಲ. ಆ ನೋವು ಉಳಿಯುತ್ತೆ, ಸುಮ್ನೆ ಸಮಾಧಾನ ಹೇಳಲಾರೆ.

ಒಂದು ಮಾತು ನಿನ್ನ ಅತ್ತೆಗೆ. ನಮ್ಮೂರಿನ ಸಂತ ಅನ್ನಮ್ಮ ಚರ್ಚ್ 1792ರದು. ಟಿಪ್ಪುವಿನ ಕಾಲದಲ್ಲಿ ನೆಲೆ ತಪ್ಪಿ ಬಂದ ಕಥೋಲಿಕರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರ ಅರಸರು ಇಲ್ಲಿ ಆಸರೆ ಕೊಟ್ಟರು. ಅವರು ವೀರಶೈವರು. ಬೇರೆ ಧರ್ಮದ ಅರಸರೇ ನಮ್ಮವರಿಗೆ ಜಾಗ ಕೊಟ್ಟಿರುವಾಗ, ಯೇಸುವನ್ನೇ ನಂಬಿದ ಹುಡುಗಿಗೆ ನಮ್ಮ ಮನಸ್ಸಿನಲ್ಲಿ ಜಾಗ ಇಲ್ಲ ಅಂದರೆ ಹೇಗೆ?
– ಒಬ್ಬ ಅತ್ತೆ, ವಿರಾಜಪೇಟೆ

ತಂಗಿ, ನಾನೂ ಸಿಎಸ್‌ಐನವನೇ. ನಿನ್ನ ತವರಿನವರ ಮಾತು ನಮ್ಮ ಮನೆಯಲ್ಲೂ ಇತ್ತು. ಪಕ್ಕದ ಕಥೋಲಿಕ ಮನೆಯ ಅಜ್ಜಿ ತೀರಿಕೊಂಡಾಗ ಜಪಮಾಲೆ ಪ್ರಾರ್ಥನೆಗೆ ಹೋಗಿ ಬಾಗಿಲ ಹತ್ತಿರ ಕುಳಿತಿದ್ದೆ. ಹೊರಗೆ ಮಳೆ. ಮಣಿ ಮಣಿಗೂ ಅವರು ಹೇಳುತ್ತಿದ್ದದ್ದು ‘ನಮಗಾಗಿ ಪ್ರಾರ್ಥಿಸಿ’ ಎಂದು. ಯೇಸುವಿನ ತಾಯಿ ಮರಿಯಮ್ಮನವರನ್ನು ದೇವರು ಎಂದು ಅಲ್ಲ. ಕಿವಿಯಾರೆ ಕೇಳಿದ ಮೇಲೆ ಆ ಹಳೇ ಮಾತು ನನ್ನ ಬಾಯಿಗೆ ಬಂದಿಲ್ಲ. ನಮ್ಮ ಸಭೆಯೇ 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಹೀಗೆ ಬೇರೆ ಬೇರೆ ಪಂಗಡದವರು ಸೇರಿ ಆದದ್ದು. ಇನ್ನೊಬ್ಬರನ್ನು ಹೊರಗಿನವರು ಅನ್ನೋದು ನಮಗಂತೂ ಒಪ್ಪುವುದಿಲ್ಲ. ತವರಿನವರಿಗೆ ಇದನ್ನು ನೀನೇ ಹೇಳು, ಅಲ್ಲಿ ನಿನಗೆ ಸಲುಗೆ ಜಾಸ್ತಿ ಅಲ್ವಾ?
– ಓದುಗ, ಮಡಿಕೇರಿ

ಅಕ್ಕಾ, ಪತ್ರವನ್ನು ಎರಡು ಸಲ ಓದಿದೆ. ಅತ್ತೆ ಇದ್ದಾರೆ, ತವರಿನವರು ಇದ್ದಾರೆ. ನಿಮ್ಮ ಗಂಡನ ಮಾತು ಒಂದೂ ಇಲ್ಲ. ಅಮ್ಮನ ಹತ್ತಿರ ಮೊದಲು ಮಾತಾಡಬೇಕಾದವರು ಅವರು. ಇವತ್ತು ರಾತ್ರಿ ಊಟವಾದ ಮೇಲೆ ಅವರನ್ನೇ ಕೇಳಿ.
– ಓದುಗಳು, ಸೋಮವಾರಪೇಟೆ