ಓಎಚ್‌ಪಿ ಹಾಳೆಯಲ್ಲಿ ಸ್ಟ್ರೇಂಜ್‌ಲೆಟ್ ಹಿಡಿಯೋದು ನಿಜವಾ?

ಡೊಂಬಿವಿಲಿ ಸ್ಟೇಷನ್ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ. ಹಳೇ ಓಎಚ್‌ಪಿ ಹಾಳೆಗಳ (ಓವರ್‌ಹೆಡ್ ಪ್ರೊಜೆಕ್ಟರಿಗೆ ಹಾಕೋ ಪಾರದರ್ಶಕ ಹಾಳೆ) ಎರಡು ಡಬ್ಬ ಧೂಳು ತಿನ್ನುತ್ತಿವೆ. ಇಂಥ ಹಾಳೆ ಹಾಸಿ ಡಾರ್ಜಿಲಿಂಗ್‌ನಲ್ಲಿ ಸ್ಟ್ರೇಂಜ್‌ಲೆಟ್, ಅಂದರೆ ಬಾಹ್ಯಾಕಾಶದಿಂದ ಬರಬಹುದಾದ, ಸ್ಟ್ರೇಂಜ್ ಅನ್ನೋ ಜಾತಿಯ ಕ್ವಾರ್ಕೂ (ಪ್ರೋಟಾನಿನ ಒಳಗಿರುವಂಥ ಮೂಲಕಣ) ಸೇರಿದ ಉಂಡೆ ಹುಡುಕುತ್ತಾರೆ ಅಂತಾಳೆ ಮಗಳು. ಸುಮ್ನೆ ಕಾಲೆಳೆಯುತ್ತಿದ್ದಾಳಾ?

— ಇಲ್ಲ ಅಣ್ಣ, ನಿಜ. ಕೋಲ್ಕತ್ತದ ಬೋಸ್ ಇನ್‌ಸ್ಟಿಟ್ಯೂಟ್‌ನವರ ಕೆಲಸ. ಹಾಳೆ ಪೆಟ್ (PET) ಅನ್ನೋ, ನೀರಿನ ಬಾಟಲಿಯ ಪ್ಲಾಸ್ಟಿಕ್. ಜಾಸ್ತಿ ಚಾರ್ಜಿನ ಭಾರೀ ಕಣ ತೂರಿದರೆ ಒಳಗೆ ಗಾಯ ಉಳಿಯುತ್ತದೆ. ಬಿಸಿ ಕಾಸ್ಟಿಕ್ ಸೋಡಾದಲ್ಲಿ ಅದ್ದಿದರೆ ಅದೇ ಗುಳಿಯಾಗಿ ಮೈಕ್ರೋಸ್ಕೋಪಿಗೆ ಕಾಣುತ್ತದೆ. ಪ್ರೋಟಾನಿನಂಥ ಚಿಲ್ಲರೆಗೆ ಪೆಟ್ ಕ್ಯಾರೇ ಅನ್ನಲ್ಲ!

— ಬೊಲಿವಿಯಾದ ಚಕಾಲ್ತಾಯಾದಲ್ಲಿ, 5230 ಮೀಟರ್ ಎತ್ತರದಲ್ಲಿ, 400 ಚದರ ಮೀಟರಿಗೂ ಜಾಸ್ತಿ ಪ್ಲಾಸ್ಟಿಕ್ಕನ್ನು ಬೇರೊಂದು ತಂಡದವರು ಸುಮಾರು 4 ವರ್ಷ ಇಟ್ಟರು. ಒಂದೂ ಸ್ಟ್ರೇಂಜ್‌ಲೆಟ್ ಸಿಗಲಿಲ್ಲ.

— ಹಾಗಾದರೆ ನನ್ನ ಡಬ್ಬ ಟೆರೇಸ್ ಮೇಲೆ ಇಡಲಾ?

— ಡೊಂಬಿವಿಲಿಯಲ್ಲಾ? ಬೆಟ್ಟದಷ್ಟು ಎತ್ತರ ಇಲ್ಲ, ಮೇಲಿಂದ ಬರೋ ಕಣಕ್ಕೆ ಪೂರ್ತಿ ವಾತಾವರಣದ ಗಾಳಿ ಅಡ್ಡ ಇದೆ. ಮಳೆಗೆ ನೆನೆಯುತ್ತೆ ಅಷ್ಟೇ.