ಪದ ಬೇಕು: ಪ್ರಾಗ್ನಾಸ್ಟಿಕ್, ಪ್ರೆಡಿಕ್ಟಿವ್ ಎರಡಕ್ಕೂ ‘ಮುನ್ಸೂಚಕ’ ಸಾಕಾ?

ಎಲ್ಲರಿಗೂ ನಮಸ್ಕಾರ. ಲಿವರ್ ಕ್ಯಾನ್ಸರ್ ಬಂದವರಲ್ಲಿ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ನೋಡಿ ಮುಂದೇನಾಗಬಹುದು ಎಂದು ಅಂದಾಜು ಮಾಡುತ್ತಾರಲ್ಲ, ಅದರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಮಾರ್ಕರ್ ಅಂದರೆ ದೇಹದಲ್ಲಿ ಅಳೆದು ನೋಡಬಹುದಾದ ಗುರುತು. ಪ್ರಾಗ್ನಾಸ್ಟಿಕ್ ಮಾರ್ಕರ್, ಪ್ರೆಡಿಕ್ಟಿವ್ ಮಾರ್ಕರ್ ಎರಡಕ್ಕೂ ‘ಮುನ್ಸೂಚಕ’ ಎಂದೇ ಬರೆದಿರುವುದನ್ನು ನೋಡಿದೆ. ನನಗಂತೂ ಒಪ್ಪಿಗೆ ಇಲ್ಲ. ಮೊದಲನೆಯದು, ಯಾವ ಔಷಧ ಕೊಟ್ಟರೂ ಕೊಡದಿದ್ದರೂ ಕಾಯಿಲೆ ಯಾವ ದಾರಿ ಹಿಡಿಯುವ ಸಂಭವ ಜಾಸ್ತಿ ಎಂದು ಹೇಳುತ್ತದೆ. ಎರಡನೆಯದು, ಇಂಥ ಔಷಧ ಈ ರೋಗಿಗೆ ನಾಟುತ್ತದೋ ಇಲ್ಲವೋ ಎಂದು ಹೇಳುತ್ತದೆ.

ಎರಡೂ ಒಂದೇ ವಾಕ್ಯದಲ್ಲಿ ಬಂದಾಗ ಪಜೀತಿ. ಎ.ಎಫ್.ಪಿ. ಎಂಬ ಪ್ರೋಟೀನ್ ತಗೊಳ್ಳಿ. ಅದರ ಜೀನ್ ಭ್ರೂಣದ ಲಿವರ್‌ನಲ್ಲಿ ಜೋರಾಗಿರುತ್ತದೆ, ಹುಟ್ಟಿದ ಮೇಲೆ ಹೆಚ್ಚುಕಡಿಮೆ ಸುಮ್ಮನಾಗುತ್ತದೆ, ಲಿವರ್ ಕ್ಯಾನ್ಸರ್ ಬಂದ ಹಲವರಲ್ಲಿ ಮತ್ತೆ ಏಳುತ್ತದೆ. ರಕ್ತದಲ್ಲಿ ಇದು ತುಂಬಾ ಇದ್ದರೆ ಸಾಮಾನ್ಯವಾಗಿ ಕಾಯಿಲೆ ಬಿರುಸು. ಇದು ಪ್ರಾಗ್ನಾಸ್ಟಿಕ್. ಈಗ ರಾಮುಸಿರುಮ್ಯಾಬ್ ಎಂಬ ಔಷಧದ ಕತೆ ನೋಡಿ. 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಟ್ಟಾರೆ ರೋಗಿಗಳ ಆಯಸ್ಸು ಹೆಚ್ಚಿದ್ದು ಸಾಬೀತಾಗಲಿಲ್ಲ. ಆದರೆ ಎ.ಎಫ್.ಪಿ. ಮಿಲಿಲೀಟರಿಗೆ 400 ನ್ಯಾನೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇದ್ದವರನ್ನಷ್ಟೇ ಸೇರಿಸಿಕೊಂಡು ಮತ್ತೊಂದು ಪ್ರಯೋಗ ಮಾಡಿ 2019ರಲ್ಲಿ ಪ್ರಕಟಿಸಿದರು, ಅದರಲ್ಲಿ ಮಧ್ಯಕ ಬದುಕುಳಿವು (ಅರ್ಧದಷ್ಟು ರೋಗಿಗಳಾದರೂ ಬದುಕಿದ್ದ ಅವಧಿ) 7.3 ತಿಂಗಳಿಂದ 8.5 ತಿಂಗಳಿಗೆ ಏರಿತ್ತು. ಹಾಗಾಗಿ ಅದೇ ಎ.ಎಫ್.ಪಿ. ಇಲ್ಲಿ ಪ್ರೆಡಿಕ್ಟಿವ್. ‘ಈ ಮುನ್ಸೂಚಕವು ಮುನ್ಸೂಚಕವೂ ಹೌದು’ ಎಂದು ಬರೆಯೋಕಾಗುತ್ತಾ?

ಇನ್ನು ‘ಗಡ್ಡೆ ಸೂಚಕ’. ಟ್ಯೂಮರ್ ಮಾರ್ಕರ್‌ಗೆ ಸರಿ, ಆದರೆ ಎಲ್ಲ ಕಡೆ ಇದನ್ನೇ ಅಂಟಿಸಿದರೆ ತಪ್ಪಾಗುತ್ತದೆ. 2008ರಲ್ಲಿ ಸಂಶೋಧಕ ಯುಜಿನ್ ಹೋಶಿದಾ ಮತ್ತು ಸಂಗಡಿಗರು, ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಅದ್ದಿ ವರ್ಷಗಟ್ಟಲೆ ಕಾದಿಟ್ಟಿದ್ದ ರೋಗಿಗಳ ಲಿವರ್‌ನ ಹಳೆಯ ತುಣುಕುಗಳಲ್ಲಿ ಜೀನ್‌ಗಳ ಚಟುವಟಿಕೆ ಅಳೆದರು. ರೋಗಿ ಎಷ್ಟು ಕಾಲ ಬದುಕಿದ ಎಂಬುದರ ಜೊತೆ ತಾಳೆಯಾದದ್ದು ಗಡ್ಡೆಯ ಜೀನ್‌ಗಳಲ್ಲ, ಗಡ್ಡೆಯ ಸುತ್ತ ಇದ್ದ ಲಿವರ್‌ನ 186 ಜೀನ್‌ಗಳು! ಯೋಚಿಸಿದರೆ ಆಶ್ಚರ್ಯವೇನಿಲ್ಲ: ಸಿರೋಸಿಸ್‌ನಿಂದ ಹಾಳಾದ ಲಿವರ್‌ನಲ್ಲಿ ಒಂದು ಗಡ್ಡೆ ಕೊಯ್ದು ತೆಗೆದರೂ ಉಳಿದ ಭಾಗದಲ್ಲಿ ವರ್ಷಗಳ ನಂತರ ಹೊಸದು ಹುಟ್ಟಬಹುದು.

ನಾನು ಯೋಚಿಸಿರುವ ಪದಗಳು ‘ಗತಿಸೂಚಕ’ ಮತ್ತು ‘ಸ್ಪಂದನಸೂಚಕ’. ಮೊದಲನೆಯದರಲ್ಲಿ ನನಗೇ ಇರುಸುಮುರುಸು. ರೋಗದ ಗತಿ ಅನ್ನುವ ಅರ್ಥ ಸರಿಯೇ, ಆದರೆ ‘ಗತಿಸಿದರು’, ‘ಇನ್ನೇನು ಗತಿ’ ಎನ್ನುವ ಭಾಷೆ ನಮ್ಮದು, ಕಾಯಿಲೆ ಇರುವವರೇ ಓದಿದರೆ ಎದೆ ಝಲ್ ಅನ್ನುತ್ತದೆ. ಆಯುರ್ವೇದದಲ್ಲಿ ಸಾಧ್ಯ, ಯಾಪ್ಯ, ಅಸಾಧ್ಯ ಎಂದು ರೋಗಗಳನ್ನು ವಿಂಗಡಿಸುತ್ತಾರೆ. ಪೂರ್ತಿ ವಾಸಿಯಾಗದಿದ್ದರೂ ಚಿಕಿತ್ಸೆಯಿಂದ ಹತೋಟಿಯಲ್ಲಿಡಬಹುದಾದದ್ದು ಯಾಪ್ಯ. ಎಷ್ಟು ಉಪಯುಕ್ತ ಪದ, ಆದರೆ ಇವತ್ತು ಯಾರಿಗೆ ಗೊತ್ತು? ‘ಸಾಧ್ಯಾಸಾಧ್ಯತೆ’ ಅಂತೂ ಪತ್ರಿಕೆಗಳಲ್ಲಿ ರಸ್ತೆ ಯೋಜನೆಗೆ ಹೋಗಿಬಿಟ್ಟಿದೆ.

ಜೀನ್ ಎಕ್ಸ್‌ಪ್ರೆಶನ್‌ಗೆ ‘ಅಭಿವ್ಯಕ್ತಿ’ ಬೇಡ ಅಂದುಕೊಂಡಿದ್ದೇನೆ. ಅಲ್ಲಿ ಅಳೆಯುವುದು ಆ ಜೀನ್‌ನಿಂದ ಎಷ್ಟು ಆರ್‌ಎನ್‌ಎ ತಯಾರಾಗಿದೆ ಎಂದು ತಾನೇ? ‘ಜೀನ್ ಚಟುವಟಿಕೆ’ ಸಾಕು. ಔಟ್‌ಕಮ್‌ಗೆ ‘ಫಲಿತಾಂಶ’ ಎಂದರೆ ಎಸ್ಸೆಸ್ಸೆಲ್ಸಿ ನೆನಪಾಗುತ್ತದೆ, ಹಾಗಾಗಿ ಬದುಕುಳಿವು, ಮರುಕಳಿಕೆ ಎಂದು ಬಿಡಿಸಿಯೇ ಬರೆಯುತ್ತಿದ್ದೇನೆ.

ಈಗ ಕೇಳಬೇಕಾದದ್ದು ಎರಡು. ‘ಗತಿ’ ಇಲ್ಲದೆ ಪ್ರಾಗ್ನಾಸ್ಟಿಕ್ ಹೇಳುವ ಪದ ಯಾರ ಬಳಿಯಾದರೂ ಇದೆಯಾ? ಮತ್ತೆ ಈ ‘ಮದ್ದು ನಾಟುವುದು’ ಎನ್ನುವ ಮಾತು ನಿಮ್ಮ ಊರ ಕಡೆ ಬಳಕೆಯಲ್ಲಿ ಇದೆಯಾ, ಇಲ್ಲ ಬೇರೆ ಏನಾದರೂ ಅನ್ನುತ್ತೀರಾ? ಎಲ್ಲ ಕಡೆ ಇದ್ದರೆ ‘ಸ್ಪಂದನ’ ಕೈಬಿಟ್ಟು ಅದನ್ನೇ ಹಾಕುತ್ತೇನೆ.