ಕುದುರೆ ಮಸಾಲೆ ಒಣಗಿಸಿದರೆ ಎಲೆಯೆಲ್ಲ ಉದುರುತ್ತಿದೆ

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ಊರು ಶಿರಾ ಹತ್ತಿರ. ಮುಕ್ಕಾಲು ಎಕರೆ ಕುದುರೆ ಮಸಾಲೆ (ಲೂಸರ್ನ್ ಮೇವಿನ ಬೆಳೆ) ಇದೆ, ಎರಡೇ ಹಸು. ಮಿಕ್ಕ ಸೊಪ್ಪನ್ನು ಬೇಸಿಗೆಗೆ ಇಡೋಣ ಅಂತ ಕಣದಲ್ಲಿ ಹರವಿದೆ. ನಾಲ್ಕು ದಿನಕ್ಕೆ ಎಲೆ ಉದುರಿ ಬರೀ ಕಡ್ಡಿ ಉಳಿಯಿತು. ಮುಂದಿನ ಕೊಯ್ಲಲ್ಲಿ ಎರಡೇ ದಿನಕ್ಕೆ ಮೆದೆ ಹಾಕಿದೆ. ವಾರ ಬಿಟ್ಟು ಕೈ ಹಾಕಿದರೆ ಒಳಗೆ ಬಿಸಿ, ಬೂಷ್ಟಿನ ವಾಸನೆ. ಎಲ್ಲಿ ತಪ್ಪಿದೆ?

ಉತ್ತರ: ಈ ಸೊಪ್ಪಿನಲ್ಲಿ ಎಲೆ ಬೇಗ ಒಣಗುತ್ತದೆ, ಕಡ್ಡಿ ನಿಧಾನ. ಪ್ರೋಟೀನ್ ಜಾಸ್ತಿ ಇರುವುದು ಎಲೆಯಲ್ಲೇ. ಮೊದಲ ಸಲ ಎಲೆ ಕಳಕೊಂಡಿರಿ, ಎರಡನೇ ಸಲ ಕಡ್ಡಿಯ ನೀರನ್ನು ಮೆದೆಯೊಳಗೆ ಕಟ್ಟಿಟ್ಟಿರಿ.

ಹತ್ತು ಗಿಡಕ್ಕೆ ಒಂದರಲ್ಲಿ ನೇರಳೆ ಹೂ ಕಂಡಾಗ, ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ಮೊದಲ ದಿನ ತೆಳ್ಳಗೆ ಹರವಿ. ಸಂಜೆಗೆ ಬಾಡಿರುತ್ತದೆ, ಆಮೇಲೆ ಬಿಸಿಲಿಗಿಂತ ಗಾಳಿ ಮುಖ್ಯ. ಮೂರು ಗಳು (ಉದ್ದನೆ ಕೋಲು) ಸೇರಿಸಿ ಕಟ್ಟಿ ನಿಲ್ಲಿಸಿ, ಅದರ ಮೇಲೆ ಸೊಪ್ಪನ್ನು ಸಡಿಲವಾಗಿ ಹೊದಿಸಿ. ತಿರುವಿ ಹಾಕುವುದು, ಸಾಗಿಸುವುದು ಏನಿದ್ದರೂ ಬೆಳಗ್ಗೆ, ಎಲೆ ಇನ್ನೂ ಮೆತ್ತಗಿರುವಾಗ. ಮಧ್ಯಾಹ್ನ ಮುಟ್ಟಿದರೆ ಪುಡಿಪುಡಿ.

ಪ್ರಶ್ನೆ: ಒಣಗಿದೆ ಅಂತ ಗೊತ್ತಾಗೋದು ಹೇಗೆ ಸರ್? ಮೀಟರ್ ಗೀಟರ್ ಇಲ್ಲ.

ಉತ್ತರ: ಅಡುಗೆಮನೆ ಉಪ್ಪು ಇದೆ ಅಲ್ವಾ? ಒಣಗಿದ ಗಾಜಿನ ಬಾಟಲಿಗೆ ಸಣ್ಣಗೆ ಕತ್ತರಿಸಿದ ಮೇವು ಒಂದು ಹಿಡಿ, ಪುಡಿ ಉಪ್ಪು ಎರಡು ಚಮಚ ಹಾಕಿ. ಮುಚ್ಚಿ ಚೆನ್ನಾಗಿ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಂಟು ಕಟ್ಟಿದರೆ ತೇವ ಇನ್ನೂ ಶೇ. 15ಕ್ಕಿಂತ ಜಾಸ್ತಿ, ಮೆದೆ ಹಾಕಬೇಡಿ. ಬಿಡಿಬಿಡಿಯಾಗಿ ಉದುರಿದರೆ ಆಯಿತು. ಉಪ್ಪೇ ತೇವ ಆಗಿದ್ದರೆ ಮೊದಲು ಬಾಣಲೆಯಲ್ಲಿ ಹುರಿದುಕೊಳ್ಳಿ, ಇಲ್ಲದಿದ್ದರೆ ಸುಮ್ನೆ ಮೋಸ ಹೋಗುತ್ತೀರಿ. ಕಡ್ಡಿಯನ್ನು ಉಗುರಲ್ಲಿ ಕೆರೆದಾಗ ಸಿಪ್ಪೆ ಏಳಬಾರದು, ಅದೂ ಒಂದು ಗುರುತು.

ಪ್ರಶ್ನೆ: ಬೂಷ್ಟು ಹಿಡಿದದ್ದನ್ನು ಮತ್ತೆ ಒಣಗಿಸಿ ಹಾಕಬಹುದಾ? ಮನೆಯಲ್ಲಿ ಬೇಡ ಅಂತಿದ್ದಾರೆ.

ಉತ್ತರ: ಅವರ ಮಾತು ಕೇಳಿ. ಒಣಗಿಸಿದ ಮಾತ್ರಕ್ಕೆ ವಿಷ ಹೋಗುವುದಿಲ್ಲ. ಕೆಲವು ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತದೆ, ಗಬ್ಬದ ಹಸು ಕಂದು ಹಾಕಬಹುದು, ಅಂದರೆ ಗರ್ಭಪಾತ ಆಗಬಹುದು. ತಿಪ್ಪೆಗೆ ಸೇರಿಸಿ. ಮೆದೆ ಬಿಚ್ಚುವಾಗ ಮೂಗಿಗೆ ಟವೆಲ್ ಕಟ್ಟಿಕೊಳ್ಳಿ. ಅಂದ ಹಾಗೆ, ಮೊದಲ ಸಲ ಉದುರಿದ ಎಲೆ ಏನು ಮಾಡಿದಿರಿ?

ಪ್ರಶ್ನೆ: ಕೋಳಿಗಳು ಕೆದಕಿ ತಿಂದವು ಸರ್. ಮೊಟ್ಟೆಯ ಹಳದಿ ಕೆಂಪಗೆ ಬಂತು!

ಉತ್ತರ: ಹಸುವಿನ ಪಾಲು ಕೋಳಿಗೆ ಹೋಯಿತು ನೋಡಿ. ಮುಂದಿನ ಸಲ ಕೆಳಗೆ ಟಾರ್ಪಾಲು ಹಾಸಿ. ಉದುರಿದ್ದನ್ನು ಗುಡಿಸಿ ಬೂಸಾ ಜೊತೆ ಕಲಸಿ ಕೊಡಿ.